ಕೂಡಿಸದೆ ಬಿಟ್ಟ ಎಳೆ

ನಾನು ಒಂದು ಟಚ್ ಮೊಬೈಲು. ಹುಟ್ಟಿದ್ದು ದೊಡ್ಡ ಕಾರ್ಖಾನೆಯೊಂದರಲ್ಲಿ, ಮುಖಕ್ಕೆ ಬಟ್ಟೆ ಕಟ್ಟಿ ಕೈಗೆ ಗವಸು ಹಾಕಿಕೊಂಡವರ ನಡುವೆ. ಮೊದಲು ನನ್ನನ್ನು ಮುಟ್ಟಿದ್ದು ಮನುಷ್ಯರ ಬೆರಳಲ್ಲ, ಯಂತ್ರದ ಬೆರಳು. ಅದು ನನ್ನ ಗಾಜಿನ ಮೂಲೆಮೂಲೆಯನ್ನೂ ಮುಟ್ಟಿ ನೋಡಿ, ಇದಕ್ಕೆ ಸ್ಪರ್ಶ ತಿಳಿಯುತ್ತದೆ ಎಂದು ಖಾತ್ರಿ ಮಾಡಿಕೊಂಡು ಮುಂದಕ್ಕೆ ಕಳಿಸಿತು. ನನ್ನ ಜಾತಿಗೆ ಕಣ್ಣು, ಕಿವಿ, ಬಾಯಿ ಎಲ್ಲ ಇದ್ದರೂ ಜೀವ ಇರುವುದು ಚರ್ಮದಲ್ಲೇ. ಬೆರಳು ಸೋಕಿದರೆ ಎಚ್ಚರ, ಇಲ್ಲದಿದ್ದರೆ ನಿದ್ದೆ.

ಮೊದಲ ಒಡತಿ ಶಶಿರೇಖಾ, ಕಡೂರಿನ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಹುಡುಗಿ. ಅವಳ ಬೆರಳುಗಳು ಚುರುಕು, ನೋಡದೆಯೇ ಬರೆಯುತ್ತಿದ್ದಳು. ಒಂದು ದಿನ ಸ್ಕೂಟಿಯಿಂದ ಜಾರಿ ಬಿದ್ದು ನನ್ನ ಮೂಲೆ ಬಿರುಕು ಬಿಟ್ಟಿತು. ಅವಳು ಹೊಸದನ್ನು ಕೊಂಡಳು. ಬಿಡಿ, ಅದು ಲೋಕದ ರೂಢಿ. ನನ್ನನ್ನು ಬೇರೆಯವರಿಗೆ ಕೊಡುವ ಮುಂಚೆ ಒಳಗಿದ್ದ ಚಿತ್ರ, ಮಾತು, ನಂಬರು ಎಲ್ಲವನ್ನೂ ಅಳಿಸಿದಳು. ಹಾಗೆ ಮಾಡದೆ ಕೊಡಬಾರದಂತೆ. ಬೆರಳುಗಳ ನೆನಪು ಮಾತ್ರ ಗಾಜಿನಲ್ಲಿ ಉಳಿಯಿತು. ಎಲ್ಲವನ್ನೂ ಮರೆತ ನಾನು, ಎಲ್ಲವನ್ನೂ ಮರೆಯುತ್ತಿದ್ದ ಒಬ್ಬರ ಮನೆಗೆ ಹೋದೆ.

ಬೀರೂರಿನ ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿ ಶಶಿರೇಖಾಳ ದೊಡ್ಡಮ್ಮ ದೇವೀರಮ್ಮ ಇದ್ದರು. ಅವರ ಗಂಡ ಮೂಡ್ಲಪ್ಪ ರೈಲ್ವೆ ಗೇಟ್‌ಮನ್ ಆಗಿ ನಿವೃತ್ತರಾದವರು. ಅವರಿಗೆ ಮಕ್ಕಳಿರಲಿಲ್ಲ. ಮೂಡ್ಲಪ್ಪನವರಿಗೆ ಮೊದಲು ಊರ ಜನರ ಹೆಸರು ಮರೆತುಹೋದವು, ಆಮೇಲೆ ಬೀದಿ, ಆಮೇಲೆ ಹೆಂಡತಿಯ ಮುಖವೂ ಒಮ್ಮೊಮ್ಮೆ. ಕೆಲಸ ಮಾತ್ರ ಮರೆಯಲಿಲ್ಲ. ರೈಲು ಕೂಗಿದರೆ ಸಾಕು, ಉಣ್ಣುತ್ತಿದ್ದ ತಟ್ಟೆ ಬಿಟ್ಟು ಏಳುವರು.

"ಗೇಟ್ ಹಾಕ್ಬೇಕು ಕಣೆ, ಗಾಡಿ ಬತ್ತಾ ಐತೆ."

ಊರಂಚಿನ ಆ ಗೇಟನ್ನು ತೆಗೆದು ಕೆಳಸೇತುವೆ ಮಾಡಿ ಎಷ್ಟೋ ಕಾಲವಾಗಿತ್ತು. ಇಲ್ಲದ ಗೇಟನ್ನು ಹುಡುಕುತ್ತ ಅವರು ಹಳಿಗುಂಟ ನಡೆಯುತ್ತಿದ್ದರು. ಒಂದು ಸಲ ಹಳಿಯ ಮೇಲೇ ನಿಂತಿದ್ದವರನ್ನು ಯಾರೋ ಎಳೆದುಕೊಂಡು ಬಂದರಂತೆ. ಅದಕ್ಕೇ ಶಶಿರೇಖಾ ನನ್ನನ್ನು ತಂದದ್ದು. ನಾನು ಮೂಡ್ಲಪ್ಪನವರ ಅಂಗಿ ಜೇಬಿನಲ್ಲಿದ್ದರೆ, ಅವರೆಲ್ಲಿದ್ದಾರೆ ಎಂದು ಕಡೂರಿನಲ್ಲಿ ಅವಳ ಮೊಬೈಲಿನ ನಕ್ಷೆಯಲ್ಲಿ ಕಾಣುತ್ತದೆ. ಅವಳು ದೇವೀರಮ್ಮನ ಹಳೆಯ ಗುಂಡಿ ಮೊಬೈಲಿಗೆ ಹೇಳುತ್ತಾಳೆ. ಅವರನ್ನು ಕಾಯುವ ಕೆಲಸ ನನ್ನದು, ನನ್ನನ್ನು ಕಾಯುವ ಕೆಲಸ ದೇವೀರಮ್ಮನದು. ಹಾಗಾಗಿ ಅವರು ಕಲಿಯಲೇಬೇಕಾಯಿತು.

ಕಲಿಕೆ ಸುಲಭವಾಗಿರಲಿಲ್ಲ. ಗಾಜು ಒಡೆದೀತೆಂದು ಹೆದರಿ ಅವರು ಉಗುರಿನ ತುದಿಯಲ್ಲಿ ತಾಗಿಸುವರು. ಉಗುರು ನನಗೆ ತಿಳಿಯುವುದಿಲ್ಲ. ಆಗ ಸಿಟ್ಟು ಬಂದು ಹೆಬ್ಬೆಟ್ಟಿನಿಂದ ಅದುಮುವರು.

"ಒತ್ಬೇಡ ದೊಡ್ಡಮ್ಮ, ಕಾಲಿಂಗ್ ಬೆಲ್ಲಲ್ಲ ಅದು. ಕೈ ಒರೆಸ್ಕೊಂಡು ಸುಮ್ನೆ ಮುಟ್ಟು. ಫೋನ್ ಬಂದಾಗ ಮಾತ್ರ ಹಸಿರು ಗುಂಡಿ ಮೇಲೆ ಬೆರಳಿಟ್ಟು ಪಕ್ಕಕ್ಕೆ ಸವರ್ಬೇಕು."

"ಮುಟ್ಟೋದು ಬೇರೆ, ಸವರೋದು ಬೇರೆಯಾ? ಹಸು ಕರೆಯೋದಕ್ಕಿಂತ ಕಷ್ಟವಾಯ್ತಲ್ಲೇ ಇದು."

ಆದರೂ ಕಲಿತರು. ದಿಂಬಿನ ಕೆಳಗೆ ಇಟ್ಟು ಚಾರ್ಜಿಗೆ ಹಾಕಬಾರದು, ಗುರುತಿಲ್ಲದವರು ಕಳಿಸಿದ್ದನ್ನು ಮುಟ್ಟಬಾರದು, ಯಾರು ಕೇಳಿದರೂ ಗುಟ್ಟಿನ ನಂಬರು ಹೇಳಬಾರದು. ಒಮ್ಮೆ ನಿಮಗೆ ಬಹುಮಾನ ಬಂದಿದೆ ಎಂಬ ಸಂದೇಶ ಬಂತು. "ನಾನ್ಯಾವ ಪಂದ್ಯ ಆಡಿದ್ದೆ ಅಂತ ಬಹುಮಾನ?" ಎಂದು ಅವರು ಅದನ್ನು ಅಲ್ಲೇ ಅಳಿಸಿದರು. ನನಗೆ ಆ ಹೆಂಗಸಿನ ಮೇಲೆ ಗೌರವ ಹುಟ್ಟಿದ್ದು ಆವತ್ತು.

ಮೂಡ್ಲಪ್ಪನವರ ಕೈ ಸುಮ್ಮನಿರುತ್ತಿರಲಿಲ್ಲ. ಜೇಬಿನಿಂದ ತೆಗೆದು ಏನೇನೋ ಮುಟ್ಟಿ, ನಾನು ಜಾಗ ತೋರಿಸುವುದನ್ನೇ ನಿಲ್ಲಿಸಿಬಿಡುತ್ತಿದ್ದರು. ಅದಕ್ಕೆ ಶಶಿರೇಖಾ ನನಗೆ ಬೀಗ ಹಾಕಿದಳು. ಪರದೆಯ ಮೇಲೆ ಮೂರು ಸಾಲು, ಸಾಲಿಗೆ ಮೂರು ಚುಕ್ಕಿ. ಬೆರಳೆತ್ತದೆ ಚುಕ್ಕಿಗಳನ್ನು ಕೂಡಿಸಿದರೆ ಬೀಗ ತೆರೆಯುತ್ತದೆ. ದೇವೀರಮ್ಮನ ಮುಖ ಅರಳಿತು.

"ಅಯ್ಯೋ, ಇದು ರಂಗೋಲಿ ಕಣೆ. ಮೊದ್ಲೇ ಹೇಳ್ಬಾರ್ದಾ?"

ಬೀಗದ ಗುಟ್ಟನ್ನು ಯಾರಿಗೂ ಹೇಳಬಾರದು. ಈಗ ಹೇಳಿದರೆ ನಷ್ಟವೇನಿಲ್ಲ. ನಡುವಿನ ಚುಕ್ಕಿ ಬಿಟ್ಟು ಸುತ್ತಲಿನ ಚುಕ್ಕಿಗಳನ್ನೆಲ್ಲ ಒಂದು ಸುತ್ತು ಬರುವುದು. ಆದರೆ ಒಮ್ಮೆ ಮುಟ್ಟಿದ ಚುಕ್ಕಿಗೆ ಮತ್ತೆ ಹೋಗಲು ನಾನು ಬಿಡುವುದಿಲ್ಲ. ಕೊನೆಯ ಚುಕ್ಕಿಗೂ ಮೊದಲನೆಯದಕ್ಕೂ ನಡುವೆ ಒಂದು ಸಂದಿ ಉಳಿದೇ ಉಳಿಯುತ್ತದೆ. ದೇವೀರಮ್ಮನಿಗೆ ಅದು ಸರಿಬೀಳಲಿಲ್ಲ. "ಎಳೆ ಕೂಡಿಸ್ದೆ ಬಿಡಬಾರ್ದು ಮಗ, ಮನೆಗೆ ಒಳ್ಳೇದಲ್ಲ" ಎಂದರು. ಮೊಬೈಲು ಅಷ್ಟೇ ತಗೊಳ್ಳೋದು ಎಂದಳು ಶಶಿರೇಖಾ.

ಅಂದಿನಿಂದ ಅದೊಂದು ನೇಮವಾಯಿತು. ಬೆಳಿಗ್ಗೆ ಹೊಸ್ತಿಲ ಮುಂದೆ ರಂಗೋಲಿ, ಅದೇ ಕೈ ಒರೆಸಿಕೊಂಡು ನನ್ನ ಮೇಲೆ ಒಂದು ಸುತ್ತು, ಚಾರ್ಜು ನೋಡಿ ಗಂಡನ ಜೇಬಿಗೆ. ಎಷ್ಟು ಒರೆಸಿದರೂ ಬೆರಳಿನಲ್ಲಿ ಒಂದಿಷ್ಟು ಪುಡಿ ಇದ್ದೇ ಇರುತ್ತಿತ್ತು.

ಹೀಗಿರುವಾಗ ತರೀಕೆರೆಯಲ್ಲಿದ್ದ ಮೂಡ್ಲಪ್ಪನವರ ಅಣ್ಣ ತೀರಿಕೊಂಡರು. ಮನೆಗೆ ಸೂತಕ ಬಂತು. ದೇವರ ಮುಂದೆ ದೀಪವಿಲ್ಲ, ಬಾಗಿಲಿಗೆ ರಂಗೋಲಿಯಿಲ್ಲ. ಬಂದುಹೋಗುವವರ ಗಡಿಬಿಡಿಯಲ್ಲಿ ನನ್ನನ್ನು ಚಾರ್ಜಿಗೆ ಹಾಕುವುದು ಮರೆತುಹೋಗಿ ನಾನು ಆರಿಹೋದೆ. ಮರುದಿನ ಬೆಳಿಗ್ಗೆ ದೇವೀರಮ್ಮ ಚಾರ್ಜು ತುಂಬಿಸಿ ಮತ್ತೆ ಹೊತ್ತಿಸಿದರು. ಒಂಬತ್ತು ಚುಕ್ಕಿ ಮೂಡಿದವು. ಅವರು ಬೆರಳು ಹತ್ತಿರ ತಂದು ಹಿಂದಕ್ಕೆ ತೆಗೆದರು.

"ಸೂತಕ ಕಳೀಲಿ. ಸತ್ತ ಮನೇಲಿ ಚುಕ್ಕಿ ಕೂಡಿಸ್ಬಾರ್ದು. ಹೊತ್ಕೊಂಡೈತಲ್ಲ, ಸಾಕು."

ಸಾಕಾಗಿರಲಿಲ್ಲ. ಆರಿ ಹೊತ್ತಿಕೊಂಡ ಮೇಲೆ ಒಮ್ಮೆಯಾದರೂ ಬೀಗ ತೆಗೆಯದೆ ನಾನು ಇರುವ ಜಾಗ ತೋರಿಸಲಾರೆ. ಫೋನ್ ಬಂದರೆ ಕೂಗಬಲ್ಲೆ, ಅಷ್ಟೇ. ಇದನ್ನು ಶಶಿರೇಖಾ ಹೇಳಿಕೊಟ್ಟಿರಲಿಲ್ಲ, ಹೇಳಲು ನನಗೆ ಸ್ವಂತ ಮಾತಿರಲಿಲ್ಲ. ಕೈಕಾಲು ಕಟ್ಟಿಸಿಕೊಂಡ ಕಾವಲುಗಾರನ ಹಾಗೆ ಆ ಜೇಬಿನಲ್ಲಿ ಕೂತೆ.

ಅಂದು ಮಧ್ಯಾಹ್ನ ರೈಲು ಕೂಗಿತು. ನೆಂಟರನ್ನು ಬೀಳ್ಕೊಡಲು ದೇವೀರಮ್ಮ ಬೀದಿ ತುದಿಗೆ ಹೋಗಿದ್ದರು. ಮೂಡ್ಲಪ್ಪ ಹಿತ್ತಲ ಬಾಗಿಲಿಂದ ಹೊರಟರು. ಗಂಡ ಕಾಣದಿದ್ದಾಗ ದೇವೀರಮ್ಮ ಶಶಿರೇಖಾಳಿಗೆ ಫೋನ್ ಮಾಡಿದರು. "ಮನೇಲೇ ಇದಾರೆ ಅಂತ ತೋರಿಸ್ತಾ ಐತಲ್ಲ ದೊಡ್ಡಮ್ಮ, ಕೋಣೇಲಿ ನೋಡು" ಎಂದಳಂತೆ ಅವಳು. ನಕ್ಷೆ ತೋರಿಸುತ್ತಿದ್ದುದು ನಿನ್ನೆಯ ಜಾಗ, ನಾನು ಆರಿಹೋದ ಜಾಗ. ಅದು ತಿಳಿಯುವ ಹೊತ್ತಿಗೆ ನಾವು ಬಹಳ ದೂರ ಹೋಗಿದ್ದೆವು. ಬೀದಿಯವರೆಲ್ಲ ಕೆಳಸೇತುವೆಯ ಕಡೆ ಓಡಿದರು. ಮೂಡ್ಲಪ್ಪನವರು ಹಿಡಿದದ್ದು ಶಿವಮೊಗ್ಗದ ಕಡೆಯ ಹಳಿ.

ಆಮೇಲೆ ನಾನು ಕೂಗತೊಡಗಿದೆ. ದೇವೀರಮ್ಮ ತಮ್ಮ ಗುಂಡಿ ಮೊಬೈಲಿನಿಂದ ಕರೆಯುತ್ತಿದ್ದರು. ಮೂಡ್ಲಪ್ಪ ನನ್ನನ್ನು ತೆಗೆದು ನೆಟ್ಟಗೆ ಕಿವಿಗಿಟ್ಟುಕೊಂಡರು. ಗೇಟಿನ ಗೂಡಿನಲ್ಲಿದ್ದ ಸ್ಟೇಷನ್ ಫೋನನ್ನು ಎತ್ತಿದರೆ ಸಾಕಿತ್ತಲ್ಲ, ಹಾಗೆ.

"ಗೇಟ್ ಬಂದ್ ಆಗೈತೆ ಸಾರ್. ಗಾಡಿ ಬಿಡಿ."

ನಾನಿನ್ನೂ ಕೂಗುತ್ತಲೇ ಇದ್ದೆ. ಅವರ ಮಾತು ನನ್ನೊಳಗೆ ಬರಲಿಲ್ಲ. ಕರೆ ನಿಂತಿತು, ಮತ್ತೆ ಬಂತು, ಮತ್ತೆ ನಿಂತಿತು. ಒಂದು ಬೆರಳು ಪಕ್ಕಕ್ಕೆ ಸರಿದಿದ್ದರೆ ಸಾಕಿತ್ತು. ಅಷ್ಟು ಹತ್ತಿರವಿದ್ದೂ ಕೇಳಿಸದೆ ಹೋದ ಆ ಹೊತ್ತು ನನ್ನ ಬಾಳಿನಲ್ಲೇ ಕಡುಕಷ್ಟದ್ದು.

ಅವರು ಹಳಿಯ ಪಕ್ಕ ನಿಂತು ನನ್ನನ್ನು ಕಣ್ಣ ಮುಂದೆ ಹಿಡಿದರು. ಗಾಜಿನ ಬೆಳಕು ನೋಡಿದರು. ಗೇಟ್‌ಮನ್ ಆದವನು ಕೈದೀಪವನ್ನು ಎತ್ತಿ ತೋರಿಸುವ ಮುಂಚೆ ಅದರ ಗಾಜನ್ನು ಒರೆಸಬೇಕು. ಅವರು ಬದುಕಿಡೀ ಒರೆಸಿದ್ದವರು. ನಾನು ಇನ್ನೊಮ್ಮೆ ಕೂಗುತ್ತಿದ್ದಾಗಲೇ ಅವರ ಅಂಗೈ ನನ್ನ ಮೇಲೆ ಈ ಅಂಚಿನಿಂದ ಆ ಅಂಚಿಗೆ ಸವರಿಕೊಂಡು ಹೋಯಿತು. ಕರೆಗೆ ಬಾಗಿಲು ತೆರೆಯಿತು.

"ಏನ್ರೀ, ಎಲ್ಲಿದೀರಿ?" ದೇವೀರಮ್ಮ ಕೂಗಿದರು.

"ಯಾರದು? ಗೇಟ್ ಫೋನಲ್ಲಿ ಮನೆ ಮಾತು ಆಡಂಗಿಲ್ಲ. ಇಡ್ತೀನಿ."

ಆಮೇಲೆ ದೇವೀರಮ್ಮನ ಬಾಯಿಂದಲೇ ಬಂದದ್ದು ಬೇರೆಯದೇ ದನಿ, ಗಟ್ಟಿಯಾದ ಅಧಿಕಾರದ ದನಿ. "ಸ್ಟೇಷನ್ನಿಂದ ಮಾತಾಡ್ತಿರೋದು. ಯಾವ ಗೇಟು?"

"ತೊರೆಹಳ್ಳಿ ಗೇಟು ಸಾರ್."

ಶಿವಮೊಗ್ಗದ ಹಳಿಯಲ್ಲಿದ್ದ ಆ ಗೇಟನ್ನು ಮುಚ್ಚಿ ಎಷ್ಟೋ ವರ್ಷವಾಗಿತ್ತು. ಮದುವೆಯಾದ ಹೊಸತರಲ್ಲಿ ಗಂಡಹೆಂಡತಿ ಸಂಸಾರ ಹೂಡಿದ್ದು ಅಲ್ಲಿನ ಗೇಟ್ ಮನೆಯಲ್ಲಿ.

"ನಿಮ್ಮ ಪಾಳಿ ಮುಗೀತು. ಬದಲಿಯವರು ಬತ್ತಾ ಇದಾರೆ. ಅವರು ಬರೋಗಂಟ ಹಳಿ ಬಿಟ್ಟು ದೂರ ನಿಂತ್ಕಳಿ. ಇದು ಹುಕುಂ."

"ಆಗ್ಲಿ ಸಾರ್."

ಅವರು ಹಳಿಯಿಂದ ದೂರ ಸರಿದರು. ಸ್ವಲ್ಪ ಹೊತ್ತಿಗೆ ರೈಲು ನಮ್ಮೆದುರೇ ಹಾದುಹೋಯಿತು. ಮೂಡ್ಲಪ್ಪ ನನ್ನನ್ನು ದೀಪದಂತೆ ಎತ್ತಿ ಹಿಡಿದು ಕೊನೆಯ ಡಬ್ಬಿ ದಾಟುವವರೆಗೂ ಕೈ ಇಳಿಸಲಿಲ್ಲ.

ನೆರೆಮನೆಯ ಜಬೀವುಲ್ಲಾನ ಆಟೋದಲ್ಲಿ ದೇವೀರಮ್ಮ ಬಂದಿಳಿದರು. ಮೂಡ್ಲಪ್ಪ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಬದಲಿಗೆ ಬಂದೋರಾ? ಹೊಸಬ್ರು ಅನ್ಸುತ್ತೆ."

"ಹ್ಞೂ. ಹೊಸಬಳೇ."

"ದೀಪದ ಗಾಜು ಒರೆಸಿದೀನಿ. ಗಾಡಿ ಹೋಯ್ತು. ಜೋಪಾನ ಕಣಮ್ಮ, ಗೇಟ್ ಬಿಟ್ಟು ಎಲ್ಲೂ ಹೋಗ್ಬೇಡ."

ಅವರು ನನ್ನನ್ನು ಹೆಂಡತಿಯ ಕೈಗೆ ಒಪ್ಪಿಸಿದರು. ದೇವೀರಮ್ಮ ಆಟೋದಲ್ಲಿ ಗಂಡನನ್ನು ಪಕ್ಕಕ್ಕೆ ಕೂರಿಸಿಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ಚುಕ್ಕಿಗಳ ಮೇಲೆ ಸುತ್ತು ಎಳೆದರು. ಸೂತಕ ಇನ್ನೂ ಕಳೆದಿರಲಿಲ್ಲ.

ಮುಂದಿನ ವರ್ಷ ಮೂಡ್ಲಪ್ಪ ಮನೆಯಲ್ಲೇ, ಹಾಸಿಗೆಯಲ್ಲೇ, ಹೆಂಡತಿಯ ಕೈ ಹಿಡಿದು ಹೋದರು. ಹೊಸ್ತಿಲು ಮತ್ತೆ ಬರಿದಾಯಿತು. ಆದರೆ ಆ ಸೂತಕದ ದಿನಗಳಲ್ಲಿ ಪ್ರತಿ ಬೆಳಿಗ್ಗೆಯೂ ದೇವೀರಮ್ಮ ನನ್ನ ಮೇಲೆ ಎಳೆ ಎಳೆದು, ಗೂಟಕ್ಕೆ ತೂಗಿದ್ದ ಗಂಡನ ಅಂಗಿ ಜೇಬಿಗೆ ಹಾಕಿದರು. ಕಂಡ ನಾದಿನಿ ಗದರಿದರು. "ಗೇಟ್ ಬಿಟ್ಟು ಹೋಗ್ಬೇಡ ಅಂದಿದಾರೆ ಕಣೆ" ಎಂದಷ್ಟೇ ಹೇಳಿ ದೇವೀರಮ್ಮ ಒಳಗೆ ಹೋದರು.

ಈಗ ನನಗೂ ಮುಪ್ಪು. ಬ್ಯಾಟರಿ ಉಬ್ಬಿ ಬೆನ್ನು ಬಿರಿದಿದೆ. ಇಂಥದ್ದನ್ನು ಚುಚ್ಚಬಾರದು, ಒತ್ತಬಾರದು, ಚಾರ್ಜಿಗೆ ಹಾಕಲೇಬಾರದು ಎಂದು ಶಶಿರೇಖಾ ನನ್ನನ್ನು ತಂದು ಕಡೂರಿನಲ್ಲಿ ಕೆಟ್ಟ ಮೊಬೈಲುಗಳ ಡಬ್ಬದಲ್ಲಿ ಇಟ್ಟಿದ್ದಾಳೆ. ಪಕ್ಕದಲ್ಲಿ ನನ್ನಂಥವೇ ಕಪ್ಪು ಗಾಜುಗಳು. ಯಾರನ್ನು ಯಾವ ಬೆರಳು ಮುಟ್ಟಿತ್ತೋ, ಇಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ.

ಹೊರಡುವ ದಿನ ಶಶಿರೇಖಾ ನನ್ನನ್ನು ಚೀಲಕ್ಕೆ ಹಾಕುವಾಗ ದೇವೀರಮ್ಮ "ತಡಿ" ಎಂದರು. ಆಗಷ್ಟೇ ಬಾಗಿಲಿಗೆ ರಂಗೋಲಿ ಹಾಕಿ ಬಂದಿದ್ದರು, ಕೈ ಒರೆಸಿಕೊಂಡಿರಲಿಲ್ಲ. ನನ್ನ ಗಾಜಿನಲ್ಲಿ ಬೆಳಕಿರಲಿಲ್ಲ, ಚುಕ್ಕಿಯಿರಲಿಲ್ಲ. ಅವರಿಗೆ ಚುಕ್ಕಿ ಬೇಕಾಗಲೂ ಇಲ್ಲ. ಬಿಳಿ ಪುಡಿ ಅಂಟಿದ ಬೆರಳು ಕಪ್ಪು ಗಾಜಿನ ಮೇಲೆ ನಿಧಾನವಾಗಿ ಒಂದು ಸುತ್ತು ಬಂತು. ಕೊನೆಗೆ, ನಾನು ಇಷ್ಟು ದಿನ ತಡೆದು ನಿಲ್ಲಿಸುತ್ತಿದ್ದ ಜಾಗದಲ್ಲಿ ನಿಲ್ಲದೆ ಇನ್ನಷ್ಟು ಮುಂದೆ ಸರಿದು, ಎಳೆಯನ್ನು ಹೊರಟ ಜಾಗಕ್ಕೆ ಕೂಡಿಸಿತು.