ದೊಡ್ಡ ಪ್ಲಾನ್ ಬೇಡ, ಲೈನ್ ಸರಿಮಾಡಿ

"ಅಯ್ಯೋ, ಮತ್ತೆ ಆ ಚಕ್ರ ಸುತ್ತೋಕೆ ಶುರುವಾಯ್ತು!"

ಟೈಲರಕ್ಕ ಹೊಲಿಯುತ್ತಿದ್ದ ಲಂಗವನ್ನು ಮಿಷನ್ನಿನ ಮೇಲೇ ಬಿಟ್ಟು ಎದ್ದು ಬಂದಳು. ಲ್ಯಾಪ್‌ಟಾಪಿನ ಪರದೆಯಲ್ಲಿ ಮಾತು ಕಲಿಸುವ ಟೀಚರಮ್ಮ ತುಟಿ ಮುಚ್ಚಿಕೊಂಡು ಕಲ್ಲಾಗಿ ಕುಳಿತಿದ್ದರು. ಎದುರಿಗೆ ಗಂಡನೂ ಹಾಗೇ ತುಟಿ ಮುಚ್ಚಿಕೊಂಡು ಕಾಯುತ್ತಿದ್ದ. ಟೀಚರಮ್ಮನ ಬಾಯಿ ತೆರೆಯಲೇ ಇಲ್ಲ. ಅವನು ಮೇಜಿಗೆ ಒಂದು ಗುದ್ದು ಗುದ್ದಿ ಮುಖ ತಿರುಗಿಸಿಕೊಂಡ.

ಅವನನ್ನು ಬೀದಿಯವರೆಲ್ಲ ಕರೆಂಟಣ್ಣ ಎನ್ನುತ್ತಿದ್ದರು. ಕೈತುಂಬ ಕೆಲಸವಿದ್ದ ಎಲೆಕ್ಟ್ರಿಷಿಯನ್. ಲಕ್ವ ಹೊಡೆದ ಮೇಲೆ ಕೈಕಾಲು ಅಷ್ಟಿಷ್ಟು ಸುಧಾರಿಸಿದವು, ಮಾತು ಮಾತ್ರ ಹೋಯಿತು. ಬುದ್ಧಿ ನೆಟ್ಟಗಿತ್ತು. ಹೇಳಬೇಕಾದದ್ದೆಲ್ಲ ತಲೆಯಲ್ಲಿತ್ತು. ಬಾಯಿಗೆ ಬರುತ್ತಿದ್ದದ್ದು 'ಇಲ್ಲ' ಎಂಬ ಒಂದೇ ಮಾತು. ನೀರು ಬೇಕಾ ಅಂದರೂ ಇಲ್ಲ, ಬೇಡವಾ ಅಂದರೂ ಇಲ್ಲ.

"ಮೊದಲ ಕೆಲವು ತಿಂಗಳು ಬಹಳ ಮುಖ್ಯ ಕಣಮ್ಮ," ಎಂದಿದ್ದರು ಟೀಚರಮ್ಮ. "ನನ್ನ ತುಟಿ ನೋಡಿ ಅವರು ಕಲೀಬೇಕು. ಚಿತ್ರವೇ ನಿಂತುಹೋದ್ರೆ ನಾನೇನು ಕಲಿಸಲಿ? ಇಲ್ಲಿಗೇ ಕರ್ಕೊಂಡು ಬನ್ನಿ." ಅವರಿದ್ದ ಊರಿಗೆ ಹೋಗಿಬರಲು ಇಡೀ ದಿನ ಬೇಕು. ಅಷ್ಟು ಹೊತ್ತು ಬಸ್ಸಿನಲ್ಲಿ ಕೂರುವ ಶಕ್ತಿ ಕರೆಂಟಣ್ಣನಿಗಿರಲಿಲ್ಲ.

ಟೈಲರಕ್ಕ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದಳು.

"ಮೇಡಂ, ಮೋಡೆಮ್ ಆಫ್ ಮಾಡಿ ಆನ್ ಮಾಡಿ."

"ಅದನ್ನೇ ಮಾಡಿ ಮಾಡಿ ಸ್ವಿಚ್ಚು ಸವೆದುಹೋಯ್ತು!"

"ಹಾಗಿದ್ರೆ ದೊಡ್ಡ ಪ್ಲಾನಿಗೆ ಬದಲಾಯಿಸಿಕೊಳ್ಳಿ ಮೇಡಂ."

"ಹೋದ ಸಲ ನೀವು ಹೇಳಿದ್ದಕ್ಕೇ ಬದಲಾಯಿಸಿದೆನಲ್ಲ?"

"ಅದಕ್ಕಿಂತ ದೊಡ್ಡದೂ ಇದೆ ಮೇಡಂ."

ಟೈಲರಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಫೋನ್ ಕುಕ್ಕಿದಳು. ಅದೇ ಹೊತ್ತಿಗೆ ಒಳಗೆ ಬಂದವರು ಅತ್ತಿಗೆ, ಅಂದರೆ ಕರೆಂಟಣ್ಣನ ಅಕ್ಕ. ಹಿಂದಿನ ಬೀದಿಯಲ್ಲೇ ಅವರ ಮನೆ. ಟೆಲಿಫೋನ್ ಕಚೇರಿಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು.

"ದೊಡ್ಡ ಪ್ಲಾನ್ ಅಂದ್ರೆ ದೊಡ್ಡ ಟ್ಯಾಂಕ್ ಇದ್ದಹಾಗೆ ಕಣೇ," ಎಂದರು ಅತ್ತಿಗೆ. "ಪೈಪೇ ಕಟ್ಟಿಕೊಂಡಿದ್ರೆ ಟ್ಯಾಂಕ್ ಎಷ್ಟು ದೊಡ್ಡದಿದ್ದು ಏನು ಬಂತು? ನಿಮ್ಮ ಇಂಟರ್ನೆಟ್ ಬರೋದು ಫೋನಿನ ತಂತಿ ಮೇಲೆ. ಆ ತಂತಿ ಹೇಗಿದೆ ಅಂತ ಯಾರಾದ್ರೂ ನೋಡಿದಾರಾ?"

"ಎಲ್ಲ ಕಳ್ಳರೇ ಅತ್ತಿಗೆ. ನೋಡಿ ಏನು ಮಾಡೋದು?"

"ಕಳ್ಳರು ಅಂತ ಬೈದ್ರೆ ಅವರಿಗೇನೂ ಆಗಲ್ಲ. ತಪ್ಪು ಎಲ್ಲಿದೆ ಅಂತ ಬೆರಳಿಟ್ಟು ತೋರಿಸು, ಆಗ ಜಾರಿಕೊಳ್ಳೋಕೆ ದಾರಿ ಇರಲ್ಲ. ಮೊದ್ಲು ಮನೆ ಒಳಗೆ ನೋಡೋಣ."

"ಮನೆ ಒಳಗಾ? ಈ ಮನೆ ವೈರಿಂಗ್ ಯಾರು ಮಾಡಿದ್ದು ಅಂತ ನಿಮಗೆ ಗೊತ್ತಲ್ಲ!"

ಅತ್ತಿಗೆಗೆ ಚೆನ್ನಾಗಿ ಗೊತ್ತಿತ್ತು. ಗಿರಾಕಿಗಳ ಕರೆ ತಪ್ಪಬಾರದೆಂದು ಕರೆಂಟಣ್ಣ ಒಂದೇ ಫೋನ್ ಲೈನನ್ನು ಮನೆಯ ತುಂಬ ಎಳೆದಿದ್ದ. ಮಲಗುವ ಕೋಣೆಗೊಂದು ಸಾಕೆಟ್, ಅಡುಗೆಮನೆಗೊಂದು, ಬಚ್ಚಲ ಬಾಗಿಲ ಪಕ್ಕಕ್ಕೂ ಒಂದು. ಸೋಪು ಹಚ್ಚಿಕೊಂಡೇ ಎಷ್ಟೋ ಕೆಲಸ ಒಪ್ಪಿಕೊಂಡಿದ್ದ ಪುಣ್ಯಾತ್ಮ. ಒಂದು ತಂತಿಯೂ ಕಣ್ಣಿಗೆ ಬೀಳದಂತೆ ಗೋಡೆಯೊಳಗೇ ಜೋಡಿಸಿದ್ದ. ಮೋಡೆಮ್ ಇದ್ದದ್ದು ಆ ಲೈನಿನ ಕಟ್ಟಕಡೆಯ ಕೋಣೆಯಲ್ಲಿ.

ಅತ್ತಿಗೆ ಫೋನೆತ್ತಿ ಟೈಲರಕ್ಕನ ಕಿವಿಗಿಟ್ಟರು. "ಒಂದು ಅಂಕಿ ಒತ್ತಿ ಸುಮ್ಮನಿರು. ಗುಂಯ್ ಅನ್ನೋದು ನಿಂತಮೇಲೆ ಏನೂ ಕೇಳಿಸಬಾರದು."

"ಕರಕರ ಅಂತಿದೆಯಲ್ಲ!"

"ಹಾಂ. ಈಗ ಈ ಕವಲೆಲ್ಲ ಬಿಚ್ಚಿ, ರಸ್ತೆಯಿಂದ ತಂತಿ ಒಳಗೆ ಬರುತ್ತಲ್ಲ, ಆ ಮೊದಲನೇ ಸಾಕೆಟ್ಟಿಗೇ ಮೋಡೆಮ್ ಹಾಕಬೇಕು."

"ಇಲ್ಲ!" ಎಂದ ಕರೆಂಟಣ್ಣ.

ಈ ಸಲದ 'ಇಲ್ಲ'ಕ್ಕೆ ಅರ್ಥ ಹುಡುಕಬೇಕಾಗಿರಲಿಲ್ಲ. ಟೈಲರಕ್ಕ ಗಂಡನ ಭುಜದ ಮೇಲೆ ಕೈಯಿಟ್ಟಳು. "ಬೇಡ ಬಿಡಿ ಅತ್ತಿಗೆ. ಮೊದಲೇ ನೊಂದಿದಾರೆ. ಅವರು ಮಾಡಿದ್ದನ್ನ ಕಿತ್ತು ಹಾಕೋದಾ?"

ಅತ್ತಿಗೆ ತಮ್ಮನ ಪಕ್ಕದಲ್ಲಿ ಕುಳಿತರು. "ಕೆಟ್ಟ ಕೆಲಸ ಅಂತ ಯಾರಂದ್ರೋ? ಮಾತಾಡೋ ಫೋನಿಗೆ ಇದು ಒಳ್ಳೇ ಕೆಲಸವೇ. ಇಂಟರ್ನೆಟ್ಟಿಗೆ ಮಾತ್ರ ಒಂದೊಂದು ಕವಲೂ ಕಾಟ. ಮುಂದೆ ಇಂಟರ್ನೆಟ್ ಬರುತ್ತೆ ಅಂತ ಆಗ ನಿನಗೇನು ಕನಸು ಬಿದ್ದಿತ್ತಾ? ನಿನಗೆ ಈ ತಂತಿ ಮುಖ್ಯವೋ, ಮಾತು ಮುಖ್ಯವೋ?"

ಕರೆಂಟಣ್ಣ ಎದ್ದು, ಕಾಲೆಳೆಯುತ್ತ ಹೋಗಿ ಬಟ್ಟೆ ಬೀರುವಿನ ಬದಿಯ ಗೋಡೆಯನ್ನು ಬೆರಳ ಗೆಣ್ಣಿನಿಂದ ಟಕಟಕ ಬಡಿದ. ಬೀರು ಸರಿಸಿದರೆ ಅಲ್ಲೊಂದು ಪುಟ್ಟ ಜಂಕ್ಷನ್ ಪೆಟ್ಟಿಗೆ! ಎಲ್ಲ ಕವಲುಗಳ ತವರುಮನೆ. ಮದುವೆಯಾಗಿ ಇಷ್ಟು ವರ್ಷವಾದರೂ ಟೈಲರಕ್ಕನಿಗೇ ಅದರ ಸುಳಿವಿರಲಿಲ್ಲ. ಅವನು ಸ್ಕ್ರೂಡ್ರೈವರಿಗಾಗಿ ಎಡಗೈ ಚಾಚಿದ. ಅತ್ತಿಗೆ ಪೆಟ್ಟಿಗೆಯನ್ನು ಹಿಡಿದುಕೊಂಡರು. ಅವನೇ ಬಿಚ್ಚಿದ.

ಮೋಡೆಮ್ ಮುಂಬಾಗಿಲ ಹತ್ತಿರದ ಮೊದಲನೇ ಸಾಕೆಟ್ಟಿಗೆ ಬಂತು. ಪಕ್ಕದಲ್ಲಿ ಫೋನಿಗೊಂದು ಸಣ್ಣ ಫಿಲ್ಟರ್ ಬಂತು. "ಇದಿಲ್ಲದಿದ್ರೆ ಫೋನು, ಇಂಟರ್ನೆಟ್ಟು ಒಂದನ್ನೊಂದು ಕೆಡಿಸ್ತವೆ," ಎಂದರು ಅತ್ತಿಗೆ. ಲ್ಯಾಪ್‌ಟಾಪನ್ನು ಮೋಡೆಮ್ಮಿಗೆ ತಂತಿಯಿಂದಲೇ ಜೋಡಿಸಿದರು. "ವೈಫೈಯಲ್ಲಿ ಅಳೆದ್ರೆ ಗೋಡೆ ಅಡ್ಡ ಬಂತೋ, ಲೈನೇ ಕೆಟ್ಟಿದೆಯೋ ಗೊತ್ತಾಗಲ್ಲ."

ವೇಗ ಹೆಚ್ಚಿತು. ಆದರೂ ನಡುನಡುವೆ ಕಡಿಯುತ್ತಲೇ ಇತ್ತು. ಅತ್ತಿಗೆ ಮೋಡೆಮ್ಮನ್ನೂ ತೆಗೆದು, ಬರೀ ಫೋನೊಂದನ್ನೇ ಸಿಕ್ಕಿಸಿ ಕೇಳಿದರು. ಕರಕರ ನಿಂತಿರಲಿಲ್ಲ.

"ಗೊತ್ತಾಯ್ತಾ? ಮನೆ ಒಳಗಿನ ತಪ್ಪು ನಾವು ತೆಗೆದಾಯ್ತು. ಉಳಿದದ್ದು ಹೊರಗಿನದು, ಅವರದು. ಈಗ ಫೋನ್ ಮಾಡಿ ಹೀಗೇ ಹೇಳು. ದೂರಿನ ನಂಬರ್ ತಗೊಳ್ಳದೆ ಮಾತ್ರ ಬಿಡಬೇಡ."

ಟೈಲರಕ್ಕ ಹಾಗೇ ಹೇಳಿದಳು. ದೂರಿನ ನಂಬರ್ ಬಂತು. ಮರುದಿನ ಮೆಸೇಜ್ ಬಂತು: 'ನಿಮ್ಮ ದೂರನ್ನು ಪರಿಹರಿಸಲಾಗಿದೆ.'

"ಯಾರು ಬಂದ್ರು ಪರಿಹರಿಸೋಕೆ? ಒಂದು ನರಪಿಳ್ಳೆ ಈ ಕಡೆ ತಲೆ ಹಾಕಿಲ್ಲ!" ಟೈಲರಕ್ಕ ಕೆಂಡವಾದಳು. ಹಿಂದೆಯೇ ಕಂಪನಿಯ ಹುಡುಗಿಯ ಫೋನ್ ಬಂತು. ಟೈಲರಕ್ಕ ಸ್ಪೀಕರ್ ಹಾಕಿದಳು.

"ನಿಮ್ಮ ತೊಂದರೆ ಸರಿಹೋಗಿದೆಯಾ?"

ಟೈಲರಕ್ಕ ಬಾಯಿ ತೆರೆಯುವ ಮೊದಲೇ ಕರೆಂಟಣ್ಣ ಗುಡುಗಿದ. "ಇಲ್ಲ!"

"ಸರ್, ದೂರು ಮುಚ್ಚಬಹುದಾ?"

"ಇಲ್ಲ!"

"ಒಂದ್ಸಲ ಮೋಡೆಮ್ ಆಫ್ ಮಾಡಿ..."

"ಇಲ್ಲ! ಇಲ್ಲ!"

ಟೈಲರಕ್ಕನಿಗೆ ನಗು ತಡೆಯಲಾಗಲಿಲ್ಲ. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ನಗು ಕೇಳಿಸಿತ್ತು. ಆಮೇಲೆ ಫೋನ್ ತೆಗೆದುಕೊಂಡು ಗಟ್ಟಿಯಾಗಿ ಹೇಳಿದಳು: "ನೋಡಮ್ಮ, ಲೈನ್‌ಮನ್ ಬರೋವರೆಗೂ ಈ ದೂರು ಮುಚ್ಚೋ ಹಾಗಿಲ್ಲ. ಮುಚ್ಚಿದ್ರೆ ಇದೇ ನಂಬರ್ ಹಿಡ್ಕೊಂಡು ನಿಮ್ಮ ಮೇಲಿನವರಿಗೆ ಬರೀತೀನಿ."

ಲೈನ್‌ಮನ್ ಬಂದ. ಬೀದಿಯ ತಿರುವಿನಲ್ಲಿದ್ದ ಕಂಪನಿಯ ಡಬ್ಬಿಗೆ ಬಾಗಿಲೇ ಇರಲಿಲ್ಲ. ಯಾರೋ ಪ್ಲಾಸ್ಟಿಕ್ ಚೀಲ ಸುತ್ತಿದ್ದರು. ಒಳಗೆ ತಂತಿಯ ತುದಿಗಳೆಲ್ಲ ಹಸಿರು ಕಿಲುಬು ಹಿಡಿದು ಕೂತಿದ್ದವು. ಅವನು ಕತ್ತರಿಸಿ, ಕೆರೆದು, ಹೊಸದಾಗಿ ಜೋಡಿಸಿದ.

"ಇಷ್ಟು ಸಲ ಫೋನ್ ಮಾಡಿದೀನಿ, ಮೊದಲೇ ಬರೋಕೆ ಏನಾಗಿತ್ತಪ್ಪ ನಿನಗೆ?" ಎಂದಳು ಟೈಲರಕ್ಕ.

"ನನಗೆ ಹೇಳಿದ್ದೇ ಇವತ್ತು ಅಕ್ಕ. ಈ ಬೀದಿಯಿಂದ ಲೈನ್ ಕೆಟ್ಟಿದೆ ಅನ್ನೋ ದೂರು ನನ್ನ ತನಕ ಬಂದೇ ಇಲ್ಲ."

ಸುತ್ತ ನಿಂತಿದ್ದ ಅಕ್ಕಪಕ್ಕದವರು ಮುಖಮುಖ ನೋಡಿಕೊಂಡರು. ಎಲ್ಲರೂ ಫೋನ್ ಮಾಡಿದ್ದವರೇ, ಎಲ್ಲರೂ ದೊಡ್ಡ ಪ್ಲಾನ್ ಕೊಂಡವರೇ. ದೂರು ಕೊಡಲು ಹೋದವರಿಗೆಲ್ಲ ಕಂಪನಿ ವ್ಯಾಪಾರ ಮಾಡಿ ಕಳಿಸಿತ್ತು. ಇದಕ್ಕೆ ಹಗಲುದರೋಡೆ ಅನ್ನದೆ ಇನ್ನೇನನ್ನಬೇಕು?

ಮುಂದಿನ ಪಾಠದ ದಿನ ಟೀಚರಮ್ಮನ ಮುಖ ಪರದೆಯಲ್ಲಿ ನಿಚ್ಚಳವಾಗಿ ಕಂಡಿತು. ಅವರು ತುಟಿ ಮುಚ್ಚಿದರು, ತೆರೆದರು. ಮತ್ತೆ ಮುಚ್ಚಿದರು, ತೆರೆದರು. ಕರೆಂಟಣ್ಣ ನೋಡಿದ, ಹೆಣಗಿದ, ಬೆವೆತ. ಪಾಠ ಮುಗಿಯುವ ಹೊತ್ತಿಗೆ ಅವನ ಬಾಯಿಂದ ಒಂದು ದನಿ ಹೊರಟಿತು.

"ಬಾ."

ಟೀಚರಮ್ಮ ಚಪ್ಪಾಳೆ ತಟ್ಟಿದರು. ಅವನು ಮಿಷನ್ನಿನ ಕಡೆ ತಿರುಗಿ, ಹೆಂಡತಿಯನ್ನು ನೋಡಿ, ಇನ್ನೊಮ್ಮೆ "ಬಾ" ಎಂದ. ಟೈಲರಕ್ಕ ಓಡಿಬಂದು ಅವನ ಕೈ ಹಿಡಿದುಕೊಂಡು ಅತ್ತಳು. ಅಳುತ್ತಲೇ ಅವಳಿಗೆ ಸಿಟ್ಟೂ ಉಕ್ಕಿತು. "ಈ ಒಂದು ಮಾತು ಎಂದೋ ಕೇಳಬಹುದಿತ್ತಲ್ಲ ಅತ್ತಿಗೆ! ಆ ದಿನಗಳನ್ನ ನಮಗೆ ಯಾರು ವಾಪಸ್ ಕೊಡ್ತಾರೆ?"

ಪಾಠ ನೋಡಲು ಬಂದಿದ್ದ ಅತ್ತಿಗೆ ಸೆರಗಿನಿಂದ ಅವಳ ಕಣ್ಣೊರೆಸಿದರು.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಫೋನಿನ ತಂತಿ ಮೇಲೆ ಬರುವ ನಿಮ್ಮ ಮನೆಯ ಇಂಟರ್ನೆಟ್ಟೂ ತೆವಳುತ್ತಿದೆಯೇ? ಹಣೆಬರಹ ಎಂದು ಸುಮ್ಮನಿರಬೇಡಿ, ಕಂಪನಿಯವರು ಹೇಳಿದ ತಕ್ಷಣ ದೊಡ್ಡ ಪ್ಲಾನಿಗೂ ತಲೆಯಾಡಿಸಬೇಡಿ. ಇವತ್ತೇ ಫೋನೆತ್ತಿ ಲೈನಿನಲ್ಲಿ ಕರಕರವಿದೆಯೇ ಕೇಳಿಸಿಕೊಳ್ಳಿ. ಬೇರೆಲ್ಲ ಬಿಚ್ಚಿ, ಮೊದಲನೇ ಸಾಕೆಟ್ಟಿಗೇ ಮೋಡೆಮ್ ಹಾಕಿ, ತಂತಿಯಿಂದ ಜೋಡಿಸಿ ವೇಗ ಅಳೆಯಿರಿ. ಮನೆಯ ತಪ್ಪಾದರೆ ಸರಿಪಡಿಸಿಕೊಳ್ಳಿ. ಹೊರಗಿನ ತಪ್ಪಾದರೆ ದೂರಿನ ನಂಬರ್ ಪಡೆದು, ಲೈನ್ ಸರಿಹೋಗುವವರೆಗೂ ಬೆನ್ನು ಬಿಡಬೇಡಿ. ಪಕ್ಕದ ಮನೆಯವರನ್ನೂ ಕೇಳಿ ನೋಡಿ, ಅವರೂ ನಿಮ್ಮ ಹಾಗೇ ಒಳಗೊಳಗೆ ಬೈದುಕೊಂಡು ಕೂತಿರಬಹುದು. ಎಲ್ಲರೂ ಒಟ್ಟಿಗೆ ದೂರು ಕೊಡಿ. ದುಡ್ಡು ನಿಮ್ಮದು, ಲೈನ್ ಸರಿಯಾಗಿಡುವ ಹೊಣೆ ಅವರದು. ಮಾಡಿಸಿಕೊಳ್ಳಿ.