ನೀಲಿ ಟವೆಲ್ಲಿನ ಹಂಸ

ಗಡಗಡ ಗಡಗಡ, ಕಲ್ಲು ಹಾಸಿದ ಗಲ್ಲಿಯಲ್ಲಿ ಮತ್ತೊಂದು ಚಕ್ರದ ಪೆಟ್ಟಿಗೆ, ಬಂದೇಬಿಟ್ಟರೇ, ಇನ್ನೂ ಕಿಟಕಿ ಒರೆಸಿಲ್ಲ, ದಿಂಬಿನ ಮೇಲೆ ಯಾರದೋ ಕೂದಲು — ಅವಳು ಅದನ್ನು ಬೆರಳಿಗೆ ಸುತ್ತಿ ತೆಗೆದಳು, ಬಿಳಿ ಹೊದಿಕೆ ಎಳೆದು ಬಿಗಿ ಮಾಡಿದಳು, ಈಗ ಟವೆಲ್ಲು, ಎರಡೂ ಅಂಚು ಸುರುಳಿ ಸುತ್ತಿ, ಕತ್ತು ಬಗ್ಗಿಸಿ, ಹಂಸ. ಬಂದ ಪ್ರವಾಸಿಗರು ಬಾಗಿಲು ತೆರೆದ ಕೂಡಲೇ ಹಂಸ ಕಾಣಬೇಕು, ಮಾಲೀಕರ ಅಪ್ಪಣೆ. ಕೈಗೆ ಎಷ್ಟು ರೂಢಿಯಾಗಿದೆಯೆಂದರೆ — ಹಾಳು ಕೈ, ಇವತ್ತು ಬೆಳಿಗ್ಗೆ ಅಮ್ಮ ಸ್ನಾನಕ್ಕೆ ಹೋದಾಗ, ಕೆಳಗೆ ತಾವಿಬ್ಬರೂ ಇರುವ ಕೋಣೆಯಲ್ಲಿ, ಅಮ್ಮನ ಹಾಸಿಗೆಯನ್ನೂ ಹೀಗೇ ಹಾಸಿ, ಅವಳ ಹಳೇ ನೀಲಿ ಟವೆಲ್ಲನ್ನು ಹಂಸ ಮಾಡಿ ಕೂರಿಸಿಬಿಟ್ಟಿತ್ತು. ಟವೆಲ್ಲು ಹುಡುಕಿಕೊಂಡು ಬಂದ ಅಮ್ಮ ಒದ್ದೆ ತಲೆಯಲ್ಲೇ ಬಾಗಿಲಲ್ಲಿ ನಿಂತಳು, ನಮ್ಮ ಕೋಣೆಗೂ ಯಾರಾದ್ರೂ ಬರ್ತಾರೇನೇ? ಇಲ್ಲಮ್ಮ, ಏನೋ ಯೋಚನೇಲಿದ್ದೆ. ಇಬ್ಬರೂ ನಗಬೇಕಿತ್ತು, ಅಮ್ಮ ನಗಲಿಲ್ಲ, ಟವೆಲ್ಲನ್ನು ಮುಟ್ಟಲೂ ಇಲ್ಲ. ಮಾಲೀಕರು ಹೇಳಿದ್ದನ್ನು ಆಗಲೇ ಹೇಳಿಬಿಡಬೇಕಿತ್ತು. ನೋಡಮ್ಮ, ಸೀಸನ್ ಶುರುವಾಗೋದ್ರೊಳಗೆ ನಿಮ್ಮ ಕೋಣೇನೂ ಬಾಡಿಗೆಗೆ ಬೇಕು, ಬಿಟ್ಕೊಡಿ, ಕೆಲಸಕ್ಕೇನೂ ತೊಂದ್ರೆ ಇಲ್ಲ, ದಿನಾ ಬಸ್ಸಲ್ಲಿ ಬಂದು ಹೋಗು — ಮಾಲೀಕರು ಮೆತ್ತಗೇ ಹೇಳಿದ್ದರು, ಅಮ್ಮನಿಗೆ ತಿಳಿಸುವ ಮಾತು ಮಾತ್ರ ನಾಲಿಗೆ ತುದಿಗೆ ಬಂದು ಬಂದು ಹಿಂದೆ ಹೋಗುತ್ತಿದೆ. ಬಿಟ್ಟು ಹೋಗುವುದೆಲ್ಲಿಗೆ, ಊರಾಚೆಗೆ ಗಂಟುಮೂಟೆ ಕಟ್ಟಿದ ಮೀಸೆ ಟೈಲರ್ ಮೊನ್ನೆ ಸಿಕ್ಕಿ, ಅಲ್ಲೂ ಮನೆ ಸಿಗಲ್ಲ ಕಣಮ್ಮ, ಅಂದ, ಅವನ ಅಂಗಡಿಯಲ್ಲಿ ಈಗ ಪ್ರವಾಸಿಗರು ಕೊಳ್ಳುವ ಊರಿನ ಚಿತ್ರದ ತಟ್ಟೆಗಳು, ಬೀದಿ ತುಂಬ ತಟ್ಟೆಗಳೇ, ಒಂದು ಸೂಜಿ ಬೇಕೆಂದರೆ ಬಸ್ಸು ಹತ್ತಬೇಕು, ಅಮ್ಮ ದಿನಾ ಗುಡಿಸುವ ಮೆಟ್ಟಿಲ ಮೇಲೆ ಲೋಕವೆಲ್ಲ ಬಂದು ಫೋಟೊ ತೆಗೆಸಿಕೊಳ್ಳುತ್ತದೆ, ಗಡಗಡ ಗಡಗಡ — ನಿಂತಿತು. ಕಿಟಕಿಯ ಕೆಳಗೇ ನಿಂತಿತು.

ಬಗ್ಗಿ ನೋಡಿದಳು. ಮೆಟ್ಟಿಲ ಮೇಲೆ ಅಮ್ಮ, ತೊಡೆಯ ಮೇಲೆ ತನ್ನ ಬಟ್ಟೆಗಳನ್ನೆಲ್ಲ ತುಂಬಿದ ಚೀಲ, ಕೂದಲು ಇನ್ನೂ ಒದ್ದೆ. ಎದುರಿಗೆ ಪೆಟ್ಟಿಗೆ ಹಿಡಿದ ಗಂಡ ಹೆಂಡತಿ, ಮೇಲಿನ ಈ ಕೋಣೆಗೆ ಬಂದವರು, ಅಮ್ಮನಿಗೇನು ಗೊತ್ತು. ಅಮ್ಮ ಗೋಡೆ ಹಿಡಿದು ಎದ್ದು ದಾರಿ ಬಿಡುತ್ತಿದ್ದಾಳೆ, ಬನ್ನಿ, ನಿಮಗೇ ಕಾಯ್ತಿದ್ದೆ, ನನ್ನ ಹಾಸಿಗೇನೇ ಹಾಸಿಟ್ಟಿದಾಳೆ ನನ್ನ ಮಗಳು, ದಿಂಬು ಒಂಚೂರು ಗಟ್ಟಿ, ಅಡ್ಜಸ್ಟ್ ಮಾಡ್ಕೊಳಿ. ಅವರಿಗೆ ಭಾಷೆ ತಿಳಿಯದು, ಚೆನ್ನಾಗಿ ನಕ್ಕರು, ಹೆಂಡತಿ ಅಮ್ಮನ ಹೆಗಲ ಮೇಲೆ ಕೈ ಹಾಕಿದಳು, ಗಂಡ ಫೋನು ಎತ್ತಿದ. ಅಮ್ಮ ಫೋನು ನೋಡುತ್ತಿಲ್ಲ, ಮೇಲೆ ನೋಡುತ್ತಿದ್ದಾಳೆ, ಕಿಟಕಿಯನ್ನು, ಹೊರಡೋಣ್ವೇನೇ? ಕೂಗಬೇಕು, ಅಮ್ಮ, ಒಳಗೆ ಹೋಗು, ಅದು ನಿನ್ನದೇ ಹಾಸಿಗೆ, ಎನ್ನಬೇಕು, ಎಷ್ಟು ದಿನಕ್ಕೆ ನನ್ನದು ಎಂದು ಅಮ್ಮ ಕೇಳಿದರೆ — ಕೂದಲಿಂದ ನೀರು ಅಮ್ಮನ ಹೆಗಲಿಗೆ ಇಳಿಯುತ್ತಿದೆ, ಒಂದು ಟವೆಲ್ಲು ಕೊಡಬಹುದಿತ್ತು, ಬೆಳಿಗ್ಗೆಯೇ ಬಿಚ್ಚಿ ಕೊಡಬಹುದಿತ್ತು, ತಾನು ಕೆಲಸಕ್ಕೆ ಹೊತ್ತಾಯಿತೆಂದು ಹಾಗೇ ಬಿಟ್ಟು ಓಡಿಬಂದಳು, ಕೆಳಗೆ ಆ ಹಾಸಿಗೆಯ ಮೇಲೆ ಇನ್ನೂ ಹಾಗೇ ಕೂತಿದೆ, ಕತ್ತು ಬಗ್ಗಿಸಿಕೊಂಡು, ಒದ್ದೆಯಾಗದ ಹಂಸ, ನೀಲಿ ಹಂಸ, ಹಂಸ