ಬಿರುಕಿನ ನೀರು

ನೂಲಿಗೆ ಬಣ್ಣ ಹಾಕುವವರ ಆ ಮನೆಗೆ ಸೊಸೆಯಾಗಿ ಬಂದು ಕೂಸನ್ನು ಹೆತ್ತರೂ ಅವಳಿಗೆ ಆಗಾಗ ನಡುಗುವ ಅಲ್ಲಿನ ನೆಲದ ಮೇಲೆ ನಂಬಿಕೆ ಹುಟ್ಟಿರಲಿಲ್ಲ. ಕಪಾಟಿನ ಲೋಟಗಳು ಕಿಣಿಕಿಣಿ ಎಂದರೆ ಸಾಕು, ಕೂಸನ್ನು ಎದೆಗವಚಿಕೊಂಡು ಬೀದಿಗೆ ಓಡುತ್ತಿದ್ದಳು. ಉಳಿದವರು ತಟ್ಟೆಯಿಂದ ತಲೆಯನ್ನೂ ಎತ್ತುತ್ತಿರಲಿಲ್ಲ. ಮೈದುನ ಅವಳಿಗೆ ‘ಓಟದ ರಾಣಿ’ ಎಂದು ಹೆಸರಿಟ್ಟಿದ್ದ.

ಇಂಥ ಕಡೆ ಯಾಕೆ ಮನೆ ಕಟ್ಟಿದಿರಿ ಎಂದು ಕೇಳಿದಾಗ ಅತ್ತೆ ಹಿತ್ತಲಿನ ಬಿಸಿನೀರ ಬುಗ್ಗೆ ತೋರಿಸಿದ್ದರು. ಸುತ್ತಲಿನ ನಾಡೆಲ್ಲ ಒಣಕಲು. ನೆಲ ಬಿರುಕುಬಿಟ್ಟ ಸಾಲಿನುದ್ದಕ್ಕೆ ಮಾತ್ರ ನೀರು ಉಕ್ಕುತ್ತಿತ್ತು.

“ಬಿರುಕಿಲ್ಲದ ಕಡೆ ನೀರಿಲ್ಲ ಕಣಮ್ಮ. ನೀರಿಲ್ಲದ ಕಡೆ ನಾವೇನು ತಿನ್ನೋಣ?”

ಒಂದು ಮಧ್ಯಾಹ್ನ ಅತ್ತೆ ಸೊಸೆ ಹಂಡೆಯಿಂದ ನೂಲು ಎತ್ತುತ್ತಿದ್ದಾಗ ನೆಲ ಗುಡುಗಿತು. ಹಂಡೆ ಮಗುಚಿ ನೀಲಿ ನೀರು ಅಂಗಳವೆಲ್ಲ ಹರಿಯಿತು. ಕೂಸು ಒಳಗೆ ತೊಟ್ಟಿಲಲ್ಲಿತ್ತು. ಸದಾ ಓಡುವವಳ ಕಾಲು ಅಂದು ಕಿತ್ತು ಬರಲಿಲ್ಲ. ಒಳಗೆ ನುಗ್ಗಿದವರು ಅತ್ತೆ. ಕೂಸಿನೊಂದಿಗೆ ಅವರು ಹೊಸ್ತಿಲು ದಾಟಿದ್ದೇ ತಡ, ಹಿಂದಿನ ಗೋಡೆ ಕುಸಿಯಿತು.

ಧೂಳು ಇಳಿದ ಮೇಲೆ ಅತ್ತೆ ಹಿತ್ತಲಿಗೆ ಹೋದರು. ಬುಗ್ಗೆ ಬತ್ತಿಹೋಗಿತ್ತು. ಗೋಡೆ ಬಿದ್ದಾಗ ಕಂಗೆಡದ ಮುಖ ಈಗ ಬಿಳಿಚಿಕೊಂಡಿತು.

ಬೀದಿಯಲ್ಲಿ ಟಾರ್ಪಾಲು ಕಟ್ಟಿಕೊಂಡು ದಿನ ದೂಡಿದರು. ಬುಗ್ಗೆ ಮರಳದಿದ್ದಾಗ, ಬಯಲುಸೀಮೆಯ ನಿನ್ನ ತವರಿಗೇ ಹೋಗಿಬಿಡೋಣ ಎಂದ ಗಂಡ. ಅವಳು ಹಗಲಿರುಳು ಬಯಸಿದ್ದೂ ಅದನ್ನೇ. ಆದರೆ ಒಣಗುಂಡಿಗೆ ಕಿವಿಗೊಟ್ಟು ಕೂತ ಅತ್ತೆಯನ್ನು ಕಂಡಾಗಲೆಲ್ಲ ಬೇರೊಂದು ಭಯ ಏಳುತ್ತಿತ್ತು: ಇವರನ್ನು ಇಲ್ಲಿಂದ ಕಿತ್ತರೆ ಉಳಿದಾರೆಯೇ?

ಗಾಡಿಗೆ ಗಂಟುಮೂಟೆ ಏರಿಸುತ್ತಿದ್ದಾಗ ನೆಲ ಮತ್ತೆ ನಡುಗಿತು. ಎಲ್ಲರೂ ದಿಕ್ಕಾಪಾಲಾದರು, ಒಣಗುಂಡಿಯ ಬಳಿ ಕೂತಿದ್ದ ಅತ್ತೆ ಮಾತ್ರ ಕದಲಲಿಲ್ಲ. ಗುಂಡಿಯ ತಳದಲ್ಲಿ ಗುಳುಗುಳು ಸದ್ದಾಯಿತು. ಮೊದಲು ಕೆಸರು, ಆಮೇಲೆ ಹಬೆಯಾಡುವ ನೀರು ಬಂತು. ಅತ್ತೆ ಬೊಗಸೆಯೊಡ್ಡಿ ಅಳತೊಡಗಿದರು.

ಗಂಡ ಅವಳ ಮುಖ ನೋಡಿದ. ಅವಳು ಕೂಸನ್ನು ಇನ್ನೂ ಎದೆಗವಚಿಕೊಂಡೇ ಇದ್ದಳು.

“ಗಂಟು ಇಳಿಸಿ,” ಎಂದಳು. “ಆದ್ರೆ ನನ್ನ ಕೂಸು ಇನ್ಮೇಲೆ ಕಲ್ಲುಗೋಡೆ ಕೆಳಗೆ ಮಲಗೋದಿಲ್ಲ.”

ಹಿತ್ತಲಲ್ಲಿ ಮರ, ತಗಡಿನ ಹಗುರ ಕೋಣೆ ಎದ್ದಿತು. ಕೂಸು ಅಲ್ಲಿ ನಿಶ್ಚಿಂತೆಯಿಂದ ನಿದ್ರಿಸುತ್ತದೆ. ಅವಳಿಗೆ ಮಾತ್ರ ಭಯ ಎರಡಾಗಿದೆ. ನೆಲ ಅಲುಗಿದರೆ ಕೂಸಿನ ಹತ್ತಿರ ಓಡುತ್ತಾಳೆ. ಬಹಳ ದಿನ ನೆಲ ಸುಮ್ಮನಿದ್ದರೆ, ನೀರು ಬತ್ತಿತೇನೋ ಎಂದು ಯಾರಿಗೂ ಹೇಳದೆ ಬುಗ್ಗೆಯ ಹತ್ತಿರ ಹೋಗಿ ನೀರಿಗೆ ಕೈಯಿಟ್ಟು ನೋಡುತ್ತಾಳೆ.